ಕುಡಿ ಮೂರು

ಹಿಂದೂಪುರ
12 ಜೂನ್ 2025, ಗುರುವಾರ

ಪ್ರೀತಿಯ ಹೇಮಾ,

ಮೂರು ಗಂಟೆ ಹತ್ತು ನಿಮಿಷ ಎಂದಿತು ಮಾತಾಡುವ ಗಡಿಯಾರ. ಆದರೆ ನನ್ನನ್ನು ಎಬ್ಬಿಸಿದ್ದು ಅದಲ್ಲ, ಪಾಪುವಿನ ಉಸಿರು. ನೀರು ಇಳಿದುಹೋದ ಬೋರ್‌ವೆಲ್ ಗಾಳಿ ಎಳೆಯುತ್ತದಲ್ಲ, ಹಾಗೆ ಗೊರಗೊರ ಸದ್ದು. ಮೂಗು ಪೂರ್ತಿ ಕಟ್ಟಿತ್ತು, ಮೈ ಸುಡುತ್ತಿತ್ತು. ಐದು ತಿಂಗಳ ಕೂಸು ಕಣೇ.

ಔಷಧಿ ಮನೆಯಲ್ಲೇ ಇತ್ತು. ಸಂಜೆ ರಾಮಾಂಜಿನಮ್ಮ ಧರ್ಮಾಸ್ಪತ್ರೆಯಿಂದ ನಾನೇ ತಂದಿದ್ದೆ. ಎರಡು ಪುಟ್ಟ ಬಾಟಲಿ, ಒಂದು ಮೂಗಿಗೆ ಹಾಕುವುದು, ಇನ್ನೊಂದು ಜ್ವರಕ್ಕೆ ಬಾಯಿಗೆ ಹಾಕುವುದು. ಎರಡೂ ಒಂದೇ ಎತ್ತರ, ಒಂದೇ ದುಂಡು, ಎರಡಕ್ಕೂ ಹನಿ ಬೀಳಿಸುವ ರಬ್ಬರ್ ತುದಿ. ಔಷಧಿ ಕೊಡುವ ಜ್ಯೋತಿಲಕ್ಷ್ಮಿ ಮೇಡಂ ಕಿಟಕಿಯೊಳಗಿಂದ ಕೂಗಿದ್ದರು: "ಎರ್ರ ಮೂತ ಮುಕ್ಕುಕಿ, ತೆಲ್ಲ ಮೂತ ಜ್ವರಾನಿಕಿ. ಅರ್ಥಮಯ್ಯಿಂದಾ?" ಕೆಂಪು ಮುಚ್ಚಳ ಮೂಗಿಗೆ, ಬಿಳಿ ಮುಚ್ಚಳ ಜ್ವರಕ್ಕೆ. ಹುಟ್ಟಾ ಕಣ್ಣಿಲ್ಲದವಳಿಗೆ ಕೆಂಪು ಬಿಳಿ ಹೇಳಿ ಅರ್ಥವಾಯಿತೇ ಎಂದು ಕೇಳಿದರು. ಹಿಂದಿನವರು ನೂಕುತ್ತಿದ್ದರು. ಅರ್ಥವಾಯಿತು ಎಂದು ತಲೆಯಾಡಿಸಿ ಬಂದುಬಿಟ್ಟೆ.

ನಮ್ಮವರು ರಾತ್ರಿ ಪಾಳಿಗೆ ಹೋಗಿದ್ದರು. ಮಾವನನ್ನು ಎಬ್ಬಿಸಬಹುದಿತ್ತು. ಎಬ್ಬಿಸಲು ಮನಸ್ಸು ಬರಲಿಲ್ಲ. ಮೈ ಎಷ್ಟು ಬಿಸಿಯಿದೆ ಎಂದು ಥರ್ಮಾಮೀಟರ್ ನೋಡುವುದಕ್ಕೂ ಮಾವ, ಡಾಕ್ಟರ ಚೀಟಿ ಓದುವುದಕ್ಕೂ ಮಾವ. ಇದಕ್ಕೂ ಮಾವನೇ? ಎರಡು ಬಾಟಲಿಯನ್ನೂ ಮೂಸಿದೆ. ಒಂದು ಸಿಹಿ ವಾಸನೆ, ಇನ್ನೊಂದಕ್ಕೆ ವಾಸನೆಯೇ ಇಲ್ಲ. ಸಿಹಿಯದು ಜ್ವರದ್ದೇ ಇರಬೇಕು ಅನ್ನಿಸಿತು. 'ಇರಬೇಕು' ಅಂದುಕೊಂಡು ಮಗುವಿನ ಮೂಗಿಗೆ ಏನನ್ನಾದರೂ ಹಾಕುವುದಕ್ಕೆ ಆಗುತ್ತದೆಯೇ? ಬೆಳಗಾಗುವವರೆಗೂ ಎತ್ತಿಕೊಂಡೇ ಕೂತಿದ್ದೆ. ಹೆಗಲ ಮೇಲೆ ಮಗು, ಮಡಿಲಲ್ಲಿ ಎರಡು ಬಾಟಲಿ. ಬಿ.ಎ.ಯಲ್ಲಿ ಫಸ್ಟ್ ಕ್ಲಾಸ್ ತೆಗೆದವಳು ನಾನು!

ಬೆಳಿಗ್ಗೆ ಮಾವ ಎದ್ದು ನೋಡಿ ರೇಗಿದರು. "ಯಾಕಮ್ಮ ಎಬ್ಬಿಸ್ಲಿಲ್ಲ? ನಾನೇನು ಸತ್ತೋಗಿದ್ನಾ?"

"ನೀವಿದೀರ ಮಾವ. ಆದ್ರೆ ತಾಯಿ ನಾನಲ್ವಾ?"

ಅವರು ಹೊರಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಮಗ್ಗದ ಮನೆಯಿಂದ ಬಂದು ನನ್ನ ಕೈಯಲ್ಲಿ ಒಂದು ಗಟ್ಟಿ ರಟ್ಟಿನ ಅಟ್ಟೆ ಇಟ್ಟರು. ಸೀರೆಯ ಡಿಸೈನಿಗೆ ತೂತು ಹೊಡೆದು ಜಕಾರ್ಡ್ ಮಗ್ಗಕ್ಕೆ ಹಾಕುತ್ತಾರಲ್ಲ, ಆ ಅಟ್ಟೆ. "ಹೂವು ಎಲ್ಲಿ ಬರ್ಬೇಕು, ಎಲೆ ಎಲ್ಲಿ ಬರ್ಬೇಕು ಅಂತ ಮಗ್ಗಕ್ಕೆ ಈ ತೂತೇ ಹೇಳೋದು ಕಣಮ್ಮ. ಮಗ್ಗಕ್ಕೇನು ಕಣ್ಣೈತಾ? ನಿನ್ನ ಚುಕ್ಕಿ ಇದ್ರ ಮೇಲೆ ಚುಚ್ಚು. ಹರಿಯಕ್ಕಿಲ್ಲ, ನೆನೆಯಕ್ಕಿಲ್ಲ."

ಕಿರುಬೆರಳಿನಷ್ಟು ಎರಡು ಪಟ್ಟಿ ಕತ್ತರಿಸಿಕೊಟ್ಟು, ಮುಚ್ಚಳದ ಬಣ್ಣ ನೋಡಿ ಯಾವ ಬಾಟಲಿ ಯಾವುದೆಂದು ಹೇಳಿದರು. ಒಂದರ ಮೇಲೆ 'ಮೂಗು', ಇನ್ನೊಂದರ ಮೇಲೆ 'ಜ್ವರ' ಎಂದು ಬ್ರೈಲ್‌ನಲ್ಲಿ ಚುಚ್ಚಿ, ರೇಷ್ಮೆ ಎಳೆಯಿಂದ ಬಾಟಲಿಗಳ ಕತ್ತಿಗೆ ಕಟ್ಟಿದೆ. ಮಧ್ಯಾಹ್ನದ ಹನಿಯನ್ನು ಯಾರನ್ನೂ ಕೇಳದೆ ನಾನೇ ಹಾಕಿದೆ ಹೇಮಾ. ಈಗ ಅವಳು ಮಲಗಿದ್ದಾಳೆ. ನನ್ನ ಫೋನು ಬಾಯಿ ಬಿಟ್ಟರೆ ಎದ್ದುಬಿಡುತ್ತಾಳೆ, ಚುಕ್ಕಿ ಚುಚ್ಚುವ ಸದ್ದಿಗೆ ಏಳುವುದಿಲ್ಲ. ಅದಕ್ಕೇ ಈ ಕಾಗದ. ನಿನ್ನ ಫೋನಂತೂ ಯಾವಾಗ ನೋಡಿದರೂ ನಿನ್ನ ಗಂಡ ಧರ್ಮೇಂದ್ರನ ಜೇಬಿನಲ್ಲಿರುತ್ತದೆ. ನಿನ್ನ ಮಗ ತಿಪ್ಪೇಶನಿಗೆ ನೀನು ಔಷಧಿ ಹೇಗೆ ಕೊಡುತ್ತೀ? ಎರಡು ವರ್ಷ ಹೇಗೆ ನಿಭಾಯಿಸಿದೆ? ಬರೆ.

ನಿನ್ನ
ಬನಶ್ರೀ


ಕಲ್ಯಾಣದುರ್ಗ
21 ಜೂನ್ 2025

ಬನೂ,

ನಿನ್ನ ಕಾಗದ ನಮ್ಮತ್ತೆಯ ಕೈಗೆ ಸಿಕ್ಕಿತು. ಅತ್ತೆ ಪೆದ್ದಕ್ಕನವರು ಬ್ರಹ್ಮಸಮುದ್ರದಿಂದ ಮೊಮ್ಮಗನನ್ನು ನೋಡಲು ಬಂದಿದ್ದರು. ಬ್ರೈಲ್ ಕಾಗದಕ್ಕೆ ಸ್ಟಾಂಪು ಬೇಕಿಲ್ಲವೆಂದು ಅವರಿಗೇನು ಗೊತ್ತು? ಸ್ಟಾಂಪಿಲ್ಲ, ಶಾಯಿಯಿಲ್ಲ, ಮೈತುಂಬ ಗುಳ್ಳೆಯೆದ್ದ ದಪ್ಪ ಕಾಗದ. "ಯಾರೋ ಮಾಟ ಮಾಡ್ಸಿ ಕಳ್ಸವ್ರೆ ಕಣ್ಲಾ ಧರ್ಮೇಂದ್ರಾ, ಒಲೆಗೆ ಹಾಕು" ಎಂದು ಕೂಗಿದರು. ನಾನು ಕಿತ್ತುಕೊಂಡು ಬೆರಳಾಡಿಸುತ್ತಾ ಗಟ್ಟಿಯಾಗಿ ಓದಿದೆ. ನಡುನಡುವೆ 'ನಿಮ್ಮತ್ತೆಯಂಥ ಅತ್ತೆ ಏಳೂರಲ್ಲಿ ಸಿಗುವುದಿಲ್ಲ' ಎಂದೆಲ್ಲ ನಾನೇ ಸೇರಿಸಿದೆ. ಅತ್ತೆ ಖುಷಿಯಾಗಿ ಇನ್ನೊಂದು ಸಲ ಓದಿಸಿದರು! ಮನೆಯಲ್ಲಿ ಇನ್ಯಾರಿಗೂ ಓದಲು ಬಾರದ ಕಾಗದದ ಸುಖ ಇದು.

ಆದರೆ ಅವರು ಬಂದದ್ದು ಬರೀ ನೋಡಿಕೊಂಡು ಹೋಗಲು ಅಲ್ಲ. ಊಟಕ್ಕೆ ಕೂತಾಗ ತೆಗೆದರು. "ನಮ್ಮನೆ ಕುಡಿ ಅವನೊಬ್ನೇ ಕಣಮ್ಮ. ಕಣ್ಣಿಲ್ದೋಳು ನೀನು ಹೆಂಗ್ ಸಾಕ್ತೀಯ? ಸ್ಕೂಲಿಗೆ ಸೇರೋಗಂಟ ನನ್ನತ್ರ ಇರ್ಲಿ. ಊರಿಗೆ ಕರ್ಕೊಂಡ್ ಹೋಯ್ತೀನಿ."

ನಾನು ಹೇಳಿದೆ, "ಕಣ್ಣಿಲ್ಲ ಅತ್ತೆ, ಕಿವಿ ಐತೆ. ಈಗ ನಿಮ್ಮ ಮೊಮ್ಮಗ ನೀರಿನ ಡ್ರಮ್ಮಿನ ಹತ್ರ ಹೋಗ್ತಾವ್ನೆ, ನೋಡಿ." ಎದ್ದು ಹೋಗಿ ಸರಿಯಾಗಿ ಅವನ ತೋಳು ಹಿಡಿದೆ. ಡ್ರಮ್ಮಿಗೆ ಎರಡೇ ಹೆಜ್ಜೆ ಇತ್ತಂತೆ. ಅತ್ತೆ ಅವನನ್ನು ಬಿಟ್ಟು ಒಬ್ಬರೇ ಹೊರಡುವಾಗ, "ಸರಿ, ಕಿವಿ ಜ್ವಾಪಾನ" ಎಂದರು.

ನನ್ನ ಕಿವಿ ಇರುವವರೆಗೆ ತಿಪ್ಪೇಶ ನನ್ನವನು ಬನೂ. ಅವನ ಗೆಜ್ಜೆ ಬದಲಿಸಿದ್ದೇನೆ. ಹಳೆಯದರ ಸದ್ದು ತೀರಾ ಸಣ್ಣದು. ಈಗ ಕಟ್ಟಿರುವುದು ಕರುವಿನ ಕೊರಳಿಗೆ ಕಟ್ಟುವ ಗೆಜ್ಜೆ.

ಔಷಧಿಗೆ ನನ್ನದು ರಬ್ಬರ್ ಬ್ಯಾಂಡಿನ ಲೆಕ್ಕ. ಕೆಮ್ಮಿಗೆ ಒಂದು ಬ್ಯಾಂಡು, ಜ್ವರಕ್ಕೆ ಎರಡು, ಹೊಟ್ಟೆನೋವಿಗೆ ಮೂರು. ನಾಲ್ಕನೆಯ ಕಾಯಿಲೆ ನಮ್ಮ ಮನೆಗೆ ಬರುವ ಹಾಗಿಲ್ಲ. ನಿನ್ನ ಮಾವನ ಅಟ್ಟೆ ನೂರು ಪಾಲು ವಾಸಿ. ಹಾಸ್ಟೆಲಿನಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ ವಾರ್ಡನ್ನಿಗೆ ಅರ್ಜಿ ಬರೆಯುತ್ತಿದ್ದವಳು ನೀನು. ನಿನ್ನ ಮಗುವಿನ ಬಾಟಲಿಗೆ ಮಾತ್ರ ಕಟ್ಟಿಕೊಂಡು ಸುಮ್ಮನಿರುತ್ತೀಯಾ? ಆಸ್ಪತ್ರೆಗೇ ಹೋಗಿ ಕೇಳು.

ಮತ್ತೆ, ಫೋನಿನಲ್ಲಿ ಪಿಸುಗುಟ್ಟಬೇಡ. ಇಲ್ಲಿ ನೆಟ್‌ವರ್ಕ್ ಸರಿಯಿಲ್ಲ.

ಹೇಮಾವತಿ


ಹಿಂದೂಪುರ
14 ಜುಲೈ 2025

ಪ್ರೀತಿಯ ಹೇಮಾ,

ಕೇಳಿದೆ ಕಣೇ! ಬರೀ ಕೇಳಲಿಲ್ಲ, ಗೆದ್ದುಕೊಂಡೂ ಬಂದೆ.

ಪಾಪುವನ್ನು ಕಂಕುಳಲ್ಲಿಟ್ಟುಕೊಂಡು, ಮಾವನ ಕೈ ಹಿಡಿದುಕೊಂಡು ದೊಡ್ಡ ಡಾಕ್ಟರಮ್ಮನ ಕೋಣೆಗೇ ಹೋದೆ. ಆಸ್ಪತ್ರೆ ನಡೆಸುವವರು ಅವರೇ. ಮೇಜಿನ ಮೇಲೆ ಎರಡು ಬಾಟಲಿ ಇಟ್ಟು, "ಮೇಡಂ, ಕಣ್ಣು ಮುಚ್ಚಿಕೊಂಡು ಇದರಲ್ಲಿ ಮೂಗಿನದು ಯಾವುದು ಹೇಳಿ" ಎಂದೆ. ಅವರು ನಿಜವಾಗಿಯೂ ಕಣ್ಣು ಮುಚ್ಚಿದರು ಎಂದು ಮಾವ ಆಮೇಲೆ ಹೇಳಿದರು. ಬಾಟಲಿ ತಿರುಗಿಸುವ ಸದ್ದು ನನಗೆ ಕೇಳುತ್ತಿತ್ತು. ತಿರುಗಿಸಿದರು, ತಿರುಗಿಸಿದರು, ಕಡೆಗೆ "ತೆಲೀದಮ್ಮಾ" ಎಂದರು. ಗೊತ್ತಾಗುವುದಿಲ್ಲ ಎಂದು ಒಬ್ಬ ಡಾಕ್ಟರ ಬಾಯಲ್ಲಿ ಕೇಳುವುದು ಎಷ್ಟು ಚೆನ್ನ!

ಆಮೇಲೆ ಒಂದು ಪ್ರಶ್ನೆ ಹಾಕಿದರು. "ನಮ್ಮಲ್ಲಿ ಅರ್ಧ ಜನ ತೆಲುಗಿನವರು, ಅರ್ಧ ಜನ ಕನ್ನಡದವರು. ನೀನು ಯಾವ ಭಾಷೇಲಿ ಚುಚ್ಚುತೀಯ?"

ನಾನು ಕಾಯುತ್ತಿದ್ದದ್ದೇ ಅದಕ್ಕೆ. "ಮೇಡಂ, ನಮ್ಮ ಚುಕ್ಕಿಗೆ ಆ ಜಗಳವೇ ಇಲ್ಲ. ತೆಲುಗಿನ 'ಕ'ಗೂ ಅದೇ ಚುಕ್ಕಿ, ಕನ್ನಡದ 'ಕ'ಗೂ ಅದೇ ಚುಕ್ಕಿ. ಅನಂತಪುರದ ಹಾಸ್ಟೆಲಲ್ಲಿ ನಾನು ತೆಲುಗಿಗೆ ಕಲಿತ ಬ್ರೈಲಲ್ಲೇ ಗೆಳತಿಗೆ ಕನ್ನಡದ ಕಾಗದ ಬರೀತೀನಿ. ಒಂದು ಚೀಟಿ ಸಾಕು, ಇಬ್ಬರೂ ಓದ್ತಾರೆ."

"ಭಲೇ ಉಂದೇ!" ಎಂದು ಮೆಚ್ಚಿ ಮೇಜು ತಟ್ಟಿದರು.

ಈಗ ಸೋಮವಾರ, ಗುರುವಾರ ಔಷಧಿ ಕಿಟಕಿಯ ಪಕ್ಕ ನನಗೊಂದು ಕುರ್ಚಿ. ತೊಡೆಯ ಮೇಲೆ ಪಾಪು, ಮುಂದೆ ಮಾವ ಕತ್ತರಿಸಿಕೊಟ್ಟ ಅಟ್ಟೆಯ ಪಟ್ಟಿಗಳು. ಜ್ಯೋತಿಲಕ್ಷ್ಮಿ ಮೇಡಂ ತೆಲುಗಿನಲ್ಲಿ ಉದ್ದಕ್ಕೆ ಹೇಳುತ್ತಾರೆ, ಪಟ್ಟಿಯಲ್ಲಿ ಆರೇಳು ಅಕ್ಷರಕ್ಕಷ್ಟೇ ಜಾಗ, ಹಾಗಾಗಿ ನಾನು ಗಿಡ್ಡ ಮಾಡಿ ಚುಚ್ಚುತ್ತೇನೆ. ಒಂದು ಮಾತು, ಒಂದು ಅಂಕಿ, ಅಷ್ಟೇ. ಮೊದಲ ದಿನ ಇಬ್ಬರು ಬಂದರು, ಈಗ ಮಡಕಶಿರಾ ಕಡೆಯಿಂದಲೂ ಬರುತ್ತಿದ್ದಾರೆ.

ಒಂದು ತಮಾಷೆ ಕೇಳು. ರೊದ್ದಂನಲ್ಲಿ ಹಾರ್ಮೋನಿಯಂ ಕಲಿಸುವ ಸೀತಾರಾಮಪ್ಪ ಮಾಸ್ಟರಿದ್ದಾರೆ, ಅವರಿಗೂ ನಮ್ಮ ಹಾಗೇ ಕಣ್ಣಿಲ್ಲ. ಹೋದ ವಾರ ಮೂಗಿನ ಹನಿ ತೆಗೆದುಕೊಂಡು ಹೋದವರು ಮಾರನೆಯ ಗುರುವಾರ ಬಂದು ಬಾಟಲಿಯನ್ನು ಕಿಟಕಿಗೆ ಕುಟ್ಟಿದರು. "ಏನಮ್ಮ, ಮದ್ದು ಕೊಟ್ಟು ಬೈದೂ ಕಳಿಸ್ತೀಯಾ? 'ಮುಕ್ಕು ಎರಡು' ಅಂತ ಬರ್ದಿದೀಯ. ಏನ್ ಮುಕ್ಕಲಿ? ಎರಡು ಮುದ್ದೇನಾ?" ತೆಲುಗಿನಲ್ಲಿ ಮುಕ್ಕು ಎಂದರೆ ಮೂಗು. ಆ ಕನ್ನಡದ ಬಾಯಿಗೆ ಅದು ಬೈಗುಳವಾಯಿತು! ಇಡೀ ಸಾಲು ನಕ್ಕಿತು. ಅವತ್ತಿನಿಂದ 'ಮೂಗು' ಎಂದೇ ಚುಚ್ಚುತ್ತಿದ್ದೇನೆ.

ಪಾಪುವಿಗೆ ಮೊದಲ ಹಲ್ಲು ಬಂದಿದೆ. ಫೋನಿನಲ್ಲಿ ಹೇಳಿದರೆ ನೀನು, "ಹೌದಾ, ನಮ್ಮಲ್ಲೂ ಹಾಲು ಈಗಷ್ಟೇ ಬಂತು" ಎಂದು ಇಟ್ಟುಬಿಟ್ಟೆ. ನಾನು ಕೇಳುವುದೊಂದು, ನೀನು ಹೇಳುವುದೊಂದು. ಎಲ್ಲಕ್ಕೂ ಹೂಂ, ಹೂಂ. ನನ್ನ ಹೆಮ್ಮೆ ಕೇಳಿ ಕೇಳಿ ನಿನಗೆ ಬೇಸರವಾಯಿತೇ? ಹಾಗಿದ್ದರೆ ಬೈದುಬಿಡು. ಹೀಗೆ ದೂರ ಮಾಡಬೇಡ.

ನಿನ್ನ
ಬನಶ್ರೀ


ಕಲ್ಯಾಣದುರ್ಗ
2 ಆಗಸ್ಟ್ 2025

ಬನೂ,

ಹೊಟ್ಟೆಕಿಚ್ಚು ಪಡುವುದಿದ್ದರೆ ನಿನ್ನ ಫಸ್ಟ್ ಕ್ಲಾಸಿಗೇ ಪಡುತ್ತಿದ್ದೆ, ಆಸ್ಪತ್ರೆಯ ಕುರ್ಚಿಯವರೆಗೆ ಕಾಯುತ್ತಿರಲಿಲ್ಲ. ನೆಟ್‌ವರ್ಕ್ ಎಂದು ಹೇಳಿದ್ದೇನಲ್ಲ.

ಒಂದು ಉಪಕಾರ ಮಾಡು. ಪಕ್ಕದ ಮನೆಯ ಚಿನ್ನಕ್ಕ ಹನ್ನೊಂದನೇ ತಾರೀಕು ಸೋಮವಾರ ಹುಣಸೆಹಣ್ಣಿನ ಮಂಡಿಗೆ ಹಿಂದೂಪುರಕ್ಕೆ ಬರುತ್ತಾರೆ. ಅವರಿಗೊಬ್ಬಳು ನಾದಿನಿ, ನಮ್ಮ ಹಾಗೇ ಕಣ್ಣಿಲ್ಲದವಳು. ಬ್ರೈಲ್ ನಾನೇ ಕಲಿಸಿದ್ದೇನೆ. ಅವಳಿಗೆ ಇಲ್ಲಿನ ಡಾಕ್ಟರು ಎರಡು ಔಷಧಿ ಬರೆದುಕೊಟ್ಟಿದ್ದಾರೆ. ನಿಮ್ಮ ಆಸ್ಪತ್ರೆಯಲ್ಲೇ ತೆಗೆದು, ನಿನ್ನ ಚೀಟಿ ಕಟ್ಟಿ, ಚಿನ್ನಕ್ಕನ ಕೈಗೆ ಕೊಡು. ಚಿನ್ನಕ್ಕನಿಗೆ ಓದು ಬಾರದು. ಪಾಪ, ಆ ನಾದಿನಿಗೆ ಮನೆಯಲ್ಲಿ ಕೇಳುವವರಿಲ್ಲ.

ತಿಪ್ಪೇಶ ಚೆನ್ನಾಗಿದ್ದಾನೆ. ಅತ್ತೆ ಗಣೇಶನ ಹಬ್ಬಕ್ಕೆ ಬರುತ್ತಾರಂತೆ.

ಹೇಮಾ


ಹಿಂದೂಪುರ
19 ಆಗಸ್ಟ್ 2025

ಪ್ರೀತಿಯ ಹೇಮಾ,

ಚಿನ್ನಕ್ಕನ ನಾದಿನಿಯ ಕಿವಿ ಹೇಗಿದೆ? ಎರಡು ಬಾಟಲಿಗೂ ನಾನೇ ಕೈಯಾರೆ ಕಟ್ಟಿದೆ. ಒಂದಕ್ಕೆ 'ಮೂಗು 2', ಇನ್ನೊಂದಕ್ಕೆ 'ಕುಡಿ 3'. ಚಿನ್ನಕ್ಕ ಹುಣಸೆಹಣ್ಣಿನ ಚೀಲದಷ್ಟೇ ಜೋಪಾನವಾಗಿ ಬಾಟಲಿಗಳನ್ನು ಸೆರಗಿಗೆ ಗಂಟು ಹಾಕಿಕೊಂಡು ಹೋದರು. ಆ ಹುಡುಗಿಗೆ ಕೇಳು, ಚುಕ್ಕಿ ಬೆರಳಿಗೆ ಸರಿಯಾಗಿ ಸಿಗುತ್ತವೆಯೇ ಎಂದು.

ಇಲ್ಲಿ ದಿನಕ್ಕೊಂದು ಹೊಸದು. ಚೀಟಿ ನೋಡಿ ಉಳಿದವರಿಗೂ ಬಾಯಿ ಬಂದಿದೆ. ಗಾಲಿಕುರ್ಚಿಯಲ್ಲಿ ಬರುವ ಒಬ್ಬ ಟೈಲರು, "ಆಯಮ್ಮನಿಗೆ ಚೀಟಿ ಬಂತು, ನನಗೇನು ಬಂತು? ಈ ಕಿಟಕಿ ನನ್ನ ತಲೆ ಮೇಲೈತೆ, ನಾನೇನು ಜಿರಾಫೆನಾ?" ಎಂದು ಜಗಳ ತೆಗೆದ. ಮಾರನೆಯ ವಾರವೇ ಗೋಡೆ ಒಡೆದು ಕಿಟಕಿಯನ್ನು ಸೊಂಟದೆತ್ತರಕ್ಕೆ ಇಳಿಸಿದರು. ಕಿವಿ ಕೇಳದವರಿಗೆ ಟೋಕನ್ ಕೂಗುವ ಬದಲು ಹೆಗಲು ಮುಟ್ಟಿ ಕರೆಯಬೇಕೆಂದು ಡಾಕ್ಟರಮ್ಮ ಆರ್ಡರ್ ಮಾಡಿದ್ದಾರೆ. ಜ್ಯೋತಿಲಕ್ಷ್ಮಿ ಮೇಡಂ ಈಗ ಕೆಂಪು ಬಿಳಿ ಎನ್ನುವುದೇ ಇಲ್ಲ. ಬಾಟಲಿಯನ್ನು ಕೈಗಿಟ್ಟು, ನನ್ನ ಹತ್ತಿರ ಕಳಿಸುತ್ತಾರೆ. ಮಾವ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ, "ನಮ್ ಸೊಸೆ ಆಸ್ಪತ್ರೆನೇ ತಿದ್ದಿಬುಟ್ಳು" ಎಂದು. ನಾನು ಬೇಡ ಎನ್ನುತ್ತೇನೆ. ಆದರೆ ಕೇಳಲು ಚೆನ್ನಾಗಿರುತ್ತದೆ.

ದಸರೆಯ ನಂತರ ಬೇರೆ ಊರುಗಳಲ್ಲೂ ಹೀಗೆ ಮಾಡಿಸಬೇಕೆಂದು ಡಾಕ್ಟರಮ್ಮ ಹೇಳುತ್ತಿದ್ದಾರೆ. ಕಲ್ಯಾಣದುರ್ಗದ ಕುರ್ಚಿ ಯಾರದು ಗೊತ್ತೇ? ನಾನು ನಿನ್ನ ಹೆಸರು ಹೇಳಿಬಿಟ್ಟಿದ್ದೇನೆ.

ಚಿನ್ನಕ್ಕ ಬಂದು ಹೋದ ಮೇಲೆ ನೀನು ಒಂದೂ ಕಾಗದ ಹಾಕಿಲ್ಲ. ಸಿಟ್ಟೇ? ನನಗೆ ನಿದ್ದೆ ಬರುತ್ತಿಲ್ಲ.

ಬನಶ್ರೀ


ಕಲ್ಯಾಣದುರ್ಗ
29 ಆಗಸ್ಟ್ 2025

ಬನೂ,

ಚಿನ್ನಕ್ಕನಿಗೆ ನಾದಿನಿಯೇ ಇಲ್ಲ. ಆ ಕಿವಿ ನನ್ನದು.

ಮಾರ್ಚಿನಿಂದ ಬಲಗಿವಿ ಸೋರುತ್ತಿದೆ. ಮೊದಲು ತುರಿಕೆ ಇತ್ತು, ಆಮೇಲೆ ಸದ್ದು ಸಣ್ಣದಾಗುತ್ತಾ ಬಂತು. ನೆಟ್‌ವರ್ಕಿನದೇನೂ ತಪ್ಪಿಲ್ಲ. ಮನೆಯಲ್ಲಿ ಹೇಳಲಿಲ್ಲ. ಏಕೆಂದು ನಿನಗೆ ಗೊತ್ತು. ಕಿವಿ ಇದೆ ಎಂದು ಅತ್ತೆಯ ಮುಂದೆ ಎದೆ ತಟ್ಟಿದವಳು ನಾನು.

ಚಿನ್ನಕ್ಕನನ್ನು ಕರೆದುಕೊಂಡು ಗುಟ್ಟಾಗಿ ಇಲ್ಲಿನ ಡಾಕ್ಟರಿಗೆ ತೋರಿಸಿದೆ. ಚಿನ್ನಕ್ಕ ತಿಪ್ಪೇಶನನ್ನು ಹಿಡಿದುಕೊಂಡು ಹೊರಗಿದ್ದರು. ಡಾಕ್ಟರು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬಲಗಡೆ ನಿಂತು, ತೆಲುಗಿನಲ್ಲಿ ಏನೋ ಹೇಳಿದರು. ಕಿವಿಗೆ ಇದು, ಮೂಗಿಗೆ ಅದು ಎಂದೇ ಹೇಳಿರಬೇಕು. ನನಗೆ ಅರ್ಧ ಮಾತೂ ಕೇಳಲಿಲ್ಲ. ಇನ್ನೊಂದು ಸಲ ಹೇಳಿ ಎನ್ನಲು ನಾಚಿಕೆಯಾಗಿ ಹೂಂ ಎಂದೆ. ಐದು ತಿಂಗಳಿಂದ ಎಲ್ಲರಿಗೂ ಹೂಂ ಎನ್ನುತ್ತಲೇ ಇದ್ದೇನೆ ಬನೂ. ಡಾಕ್ಟರಿಗೆ, ಧರ್ಮೇಂದ್ರನಿಗೆ, ನಿನಗೆ. ನಿನ್ನ ಚೀಟಿ ಇರುತ್ತದಲ್ಲ, ಅದನ್ನು ಓದಿಕೊಂಡರಾಯಿತು ಎಂದುಕೊಂಡೆ.

ಚೀಟಿ ಬಂತು. ಬೆರಳಿಟ್ಟೆ. 'ಕುಡಿ 3.' ಕುಡಿದೆ.

ಬೆಳಿಗ್ಗೆ ಮೂರು ಹನಿ, ಸಂಜೆ ಮೂರು ಹನಿ. ಬೇವಿಗಿಂತ ಕಹಿ. ಗಂಟಲು ಉರಿಯುತ್ತಿತ್ತು, ಎರಡು ಸಲ ವಾಂತಿಯಾಯಿತು. ಆದರೂ ಬಿಡಲಿಲ್ಲ. ನಿನ್ನ ಅಕ್ಷರ ಅಲ್ಲವೇ? ಹನ್ನೊಂದು ದಿನ ಕುಡಿದೆ. ಕಡೆಗೆ ಚಿನ್ನಕ್ಕ ಬಾಟಲಿಯನ್ನು ಔಷಧಿ ಅಂಗಡಿಗೆ ಒಯ್ದು ಕೇಳಿದರು. ಕಾಂಪೌಂಡರು, "ಯಾರಮ್ಮ ಇದನ್ನ ಕುಡಿದೋರು? ಇದು ಕಿವಿಗೆ!" ಎಂದು ಬೈದನಂತೆ. ಹೊಟ್ಟೆಗೆ ತೊಂದರೆಯಿಲ್ಲ ಎಂದೂ ಹೇಳಿದ. ಆಗ ಅದೇ ಚುಕ್ಕಿಗಳನ್ನು ತೆಲುಗಿನಲ್ಲಿ ಓದಿಕೊಂಡೆ. ಕುಡಿ ಎಂದರೆ ಬಲ. ಬಲಗಿವಿಗೆ ಮೂರು ಹನಿ. ನಾನು ನನ್ನ ಬಲಗಿವಿಯನ್ನು ಕುಡಿದುಬಿಟ್ಟಿದ್ದೆ ಕಣೇ!

ಇದನ್ನು ಬರೆಯುವಾಗ ನಗು ಬರುತ್ತಿದೆ. ಹೋದ ವಾರ ಬಂದಿರಲಿಲ್ಲ. ತಿಪ್ಪೇಶ ನನ್ನ ಬೆನ್ನ ಹಿಂದೆಯೇ ಬಿದ್ದು ಅಳುತ್ತಿದ್ದನಂತೆ. ನಾನು ಅಕ್ಕಿ ಕೇರುತ್ತಾ ಕೂತಿದ್ದೆ. ಚಿನ್ನಕ್ಕ ಓಡಿಬಂದು ಎತ್ತಿಕೊಂಡ ಮೇಲೇ ನನಗೆ ಗೊತ್ತಾದದ್ದು. ಎಡಗಿವಿಯೂ ಮೊದಲಿನ ಹಾಗಿಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ. ಮುಚ್ಚಿಟ್ಟವಳು ನಾನು. ಹಬ್ಬಕ್ಕೆ ಬಂದ ಅತ್ತೆ ಇನ್ನೂ ಇಲ್ಲೇ ಇದ್ದಾರೆ. ಯಾರಿಗೂ ನನ್ನ ಹೆಸರು ಹೇಳಬೇಡ. ಆಣೆ ಇದೆ.

ಹೇಮಾ


ಹಿಂದೂಪುರ
3 ಸೆಪ್ಟೆಂಬರ್ 2025, ಬುಧವಾರ, ಬೆಳಗಿನ ಜಾವ ನಾಲ್ಕು

ಹೇಮಾ,

ನಿನ್ನ ಕಾಗದ ಸೋಮವಾರ ನಾನು ಆಸ್ಪತ್ರೆಗೆ ಹೊರಡುವಾಗ ಬಂತು. ಹೊಸಲಿನ ಮೇಲೆಯೇ ಕೂತು ಓದಿದೆ. 'ಕುಡಿದೆ' ಎಂಬಲ್ಲಿಗೆ ಬಂದಾಗ ಬೆರಳು ಮುಂದೆ ಹೋಗಲಿಲ್ಲ.

ಜ್ಯೋತಿಲಕ್ಷ್ಮಿ ಮೇಡಂ ಸರಿಯಾಗಿಯೇ ಹೇಳಿದ್ದರು, "ಕುಡಿ ಚೆವಿಲೋ ಮೂಡು ಚುಕ್ಕಲು" ಎಂದು. ಬಲಗಿವಿಯಲ್ಲಿ ಮೂರು ಹನಿ. ಜಾಗ ಸಾಲದೆಂದು ಕಿವಿಯನ್ನು ಬಿಟ್ಟವಳು ನಾನು. ಕಿವಿ ಹೋದಮೇಲೆ ಏನುಳಿಯಿತು? ಕುಡಿ 3. ಮೂಗಿನ ಮಾತಿಗೆ ಇಡೀ ಸಾಲು ನಕ್ಕಾಗಲೂ ನನಗೆ ಹೊಳೆಯಲಿಲ್ಲ. ಒಂದು ಚೀಟಿ ಇಬ್ಬರಿಗೂ ಸಾಕು ಎಂದು ಮೇಜಿನ ಮುಂದೆ ಕೊಚ್ಚಿಕೊಂಡವಳಲ್ಲವೇ ನಾನು!

ಆಸ್ಪತ್ರೆಗೆ ಹೋಗಿ ಮೊದಲು ಮಾಡಿದ್ದು, ರಿಜಿಸ್ಟರ್ ತೆಗೆಸಿ ಎಷ್ಟು 'ಕುಡಿ' ಹೊರಗೆ ಹೋಗಿವೆ ಎಂದು ಓದಿಸಿದ್ದು. ನಿನ್ನದು ಬಿಟ್ಟು ಏಳು. ಎಲ್ಲರಿಗೂ ಫೋನ್ ಮಾಡಿಸಿದೆ. ಐವರು ತೆಲುಗಿನವರು, ಸರಿಯಾಗಿಯೇ ಓದಿಕೊಂಡಿದ್ದರು. ಸೀತಾರಾಮಪ್ಪ ಮಾಸ್ಟರು, "ಕಿವಿಗೆ ಅಂತ ಡಾಕ್ಟ್ರು ಹೇಳಿದ್ರು ಕಣಮ್ಮ. ನೀನು ಕುಡಿ ಅಂದಾಕ್ಷಣ ಕುಡಿಯೋಕೆ ನಾನೇನು ಅಷ್ಟು ವಿಧೇಯ ವಿದ್ಯಾರ್ಥಿನಾ?" ಎಂದು ನಕ್ಕರು. ನನಗೆ ಅಳು ಬಂತು. ಏಳನೆಯವರು ರೊದ್ದಂ ಹತ್ತಿರದ ಹಳ್ಳಿಯ ಕನ್ನಡದ ಅಜ್ಜಿ, ಫೋನಿಲ್ಲ. ಮಾವ ತಮ್ಮ ಟಿವಿಎಸ್ ಹತ್ತಿಕೊಂಡು ಹೋಗಿ ಚೀಟಿ ಬದಲಿಸಿ ಬಂದರು. ಅಜ್ಜಿ ಇನ್ನೂ ಬಾಟಲಿಯ ಮುಚ್ಚಳವನ್ನೇ ತೆಗೆದಿರಲಿಲ್ಲ.

ಆಮೇಲೆ ಡಾಕ್ಟರಮ್ಮನ ಹತ್ತಿರ ಹೋಗಿ, ತಪ್ಪು ನನ್ನದು, ಒಬ್ಬರು ಕಿವಿಯ ಔಷಧಿ ಕುಡಿದಿದ್ದಾರೆ ಎಂದು ಹೇಳಿದೆ. ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು.

"ಎವರು? ಪೇರು ಚೆಪ್ಪು."

"ಹೆಸರು ಹೇಳಲ್ಲ ಮೇಡಂ. ಮಾತು ಕೊಟ್ಟಿದೀನಿ."

"ಹೇಳದಿದ್ರೆ ಚೀಟಿ ಕೆಲಸ ಇವತ್ತೇ ನಿಲ್ಲಿಸ್ತೀನಿ."

"ನಿಲ್ಲಿಸಿ ಮೇಡಂ."

ಹೀಗೆ ಹೇಳಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಪಾಪು ನನ್ನ ಸರ ಹಿಡಿದು ಎಳೆಯುತ್ತಿದ್ದಳು. ಬಾಗಿಲವರೆಗೆ ಬಂದಿದ್ದೆ. ಹಿಂದಿನಿಂದ ಕರೆದರು, "ಬನಶ್ರೀ, ನಿಲ್ಲಮ್ಮ. ಹೆಸರು ನಿನ್ನತ್ರಾನೇ ಇರ್ಲಿ. ಆ ಹುಡುಗಿ ಕಿವಿ ಹೆಂಗಿದೆ?" ನೀನು ಬರೆದಷ್ಟನ್ನೂ ಹೇಳಿದೆ, ಹೆಸರೂ ಊರೂ ಬಿಟ್ಟು.

ಅವರು ಹೇಳಿದ್ದನ್ನು ಒಂದು ಮಾತೂ ಬಿಡದೆ ಬರೆಯುತ್ತೇನೆ, ನಿಧಾನವಾಗಿ ಓದು. ಆರು ತಿಂಗಳಿಂದ ಸೋರುವ ಕಿವಿಯನ್ನು ಬರೀ ಹನಿಗೆ ಬಿಡಬಾರದು. ಒಳಗೆ ನೋಡಬೇಕು. ಈಗ ನೋಡಿದರೆ ಬಲಗಿವಿಯನ್ನು ಉಳಿಸಿಕೊಳ್ಳುವ ದಾರಿ ಇರಬಹುದು, ಎಡಗಿವಿಯನ್ನಂತೂ ಕಾಪಾಡಿಕೊಳ್ಳಬೇಕು. ಬೆಂಗಳೂರಿನ ಕಿವಿ ಡಾಕ್ಟರು ನಾಳೆ ಗುರುವಾರ ನಮ್ಮಲ್ಲಿಗೆ ಬರುತ್ತಾರೆ. ಮತ್ತೆ ಬರುವುದು ದಸರೆ ಕಳೆದ ಮೇಲೆಯೇ. ನಾಳೆ ಬೆಳಿಗ್ಗೆ ಏಳಕ್ಕೆ ರೋಗಿಗಳ ಹೆಸರಿನ ಪಟ್ಟಿ ಮುಗಿಸುತ್ತಾರೆ, ಅದರಲ್ಲಿ ಒಂದು ಜಾಗವನ್ನು ಹೆಸರಿಲ್ಲದೆಯೇ ಹಿಡಿದಿಟ್ಟಿದ್ದಾರೆ. ಏಳರೊಳಗೆ ನೀನು ಬರುತ್ತೀ ಎಂದು ಗೊತ್ತಾಗದಿದ್ದರೆ ಅದು ಬೇರೆಯವರಿಗೆ ಹೋಗುತ್ತದೆ.

ಚೀಟಿ ಕೆಲಸ ಸದ್ಯಕ್ಕೆ ನಿಂತಿದೆ. ಯಾರು ಶುರು ಮಾಡಬೇಕು ಗೊತ್ತೇ? ನೀನು. "ತಪ್ಪಾಗಿ ಓದಿದ ಬೆರಳೇ ಓದಿ ಸರಿ ಅನ್ನಲಿ, ಆಮೇಲೆ ಮತ್ತೆ ಕಟ್ಟೋಣ" ಎಂದರು ಡಾಕ್ಟರಮ್ಮ. ಅಟ್ಟೆಯ ಹೊಸ ಪಟ್ಟಿ ಮಾಡಿದ್ದೇವೆ. ಉದ್ದ ಎರಡರಷ್ಟು. 'ಕಿವಿ, ಚೆವಿ', 'ಮೂಗು, ಮುಕ್ಕು', ಎರಡೂ ಮಾತನ್ನು ಚುಚ್ಚುತ್ತೇನೆ. ಬಾಯಿಗೆ ಹಾಕಬಾರದ ಔಷಧಿಗೆಲ್ಲ ಪಟ್ಟಿಯ ಒಂದು ಮೂಲೆ ಕತ್ತರಿಸಿರುತ್ತದೆ, ಇದು ಮಾವನ ಉಪಾಯ. ಬ್ರೈಲ್ ಬಾರದವರಿಗೂ ತಿಳಿಯುತ್ತದೆ. ನೀನು ಹನ್ನೊಂದು ದಿನ ಕುಡಿದ ಕಹಿಯಿಂದ ಹುಟ್ಟಿದ್ದು ಇದು. ನನಗೆ ನಿನ್ನ ಮೇಲೆ ಎಷ್ಟು ಹೆಮ್ಮೆಯೆಂದು ಹೇಗೆ ಬರೆಯಲಿ? ಕಾಗದ ತೂತಾಗುತ್ತದೆ, ಅಷ್ಟೇ.

ಈಗ ಕಷ್ಟದ ಮಾತು. ಪೆದ್ದಕ್ಕನವರಿಗೆ ಹೇಳಬೇಕು ಹೇಮಾ. ಧರ್ಮೇಂದ್ರನಿಗೂ ಹೇಳಬೇಕು. ಮುಚ್ಚಿಟ್ಟರೆ ತಿಪ್ಪೇಶ ನಿನ್ನ ಬಳಿ ಉಳಿಯುತ್ತಾನೆ ಎಂದು ನೀನು ಅಂದುಕೊಂಡೆ. ಆದರೆ ಅವತ್ತು ಅವನು ಬಿದ್ದು ಅತ್ತದ್ದು ನಿನಗೆ ಕೇಳಲಿಲ್ಲ. ಅಲ್ಲಿ ಡ್ರಮ್ಮಿದ್ದಿದ್ದರೆ? ನಿನಗೆ ನೋವಾಗಲಿ ಎಂದು ಬರೆಯುತ್ತಿಲ್ಲ. ಹೋಗುವ ಕಿವಿಯನ್ನು ಉಳಿಸಿಕೊಳ್ಳಲು ಬಸ್ಸು ಹತ್ತಿದ ತಾಯಿಯ ಕೈಯಿಂದ ಮಗುವನ್ನು ಕಿತ್ತುಕೊಳ್ಳುವುದು ಸುಲಭವಲ್ಲ. ಕಿತ್ತುಕೊಳ್ಳಲು ಬಂದರೆ ನಾನೂ ಇದ್ದೇನೆ, ಮಾವನೂ ಇದ್ದಾರೆ, ಡಾಕ್ಟರಮ್ಮನನ್ನೂ ಎಳೆದುಕೊಂಡು ಬರುತ್ತೇನೆ. ನನ್ನ ಬಾಯಿ ನಿನಗೆ ಗೊತ್ತಲ್ಲ.

ಹೇಳಬೇಕೋ ಬೇಡವೋ ಎನ್ನುವುದು ನಿನ್ನದು. ನಾನು ಯಾರಿಗೂ ಹೇಳಿಲ್ಲ. ಅದಕ್ಕೇ ಧರ್ಮೇಂದ್ರನ ಜೇಬಿನಲ್ಲಿರುವ ಫೋನಿಗೆ ಮಾಡಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ನಮ್ಮವರು ಈ ಕಾಗದ ತೆಗೆದುಕೊಂಡು ಮೊದಲ ಬಸ್ಸಿಗೆ ಹೊರಡುತ್ತಾರೆ. ಚಿನ್ನಕ್ಕನ ಕೈಗೇ ಕೊಡುತ್ತಾರೆ. ಹತ್ತು ಹನ್ನೊಂದಕ್ಕೆಲ್ಲ ನಿನ್ನ ಬೆರಳಡಿ ಇರುತ್ತದೆ. ಅವರು ರಾತ್ರಿ ಕಲ್ಯಾಣದುರ್ಗದಲ್ಲೇ ಉಳಿಯುತ್ತಾರೆ. ನೀನು ಬರುವುದಾದರೆ ನಾಳೆ ನಸುಕಿನ ಬಸ್ಸಿಗೆ ಜೊತೆಗಿರುತ್ತಾರೆ. ತಿಪ್ಪೇಶನನ್ನೂ ಎತ್ತಿಕೊಂಡು ಬಾ.

ಇವತ್ತೆಲ್ಲ ಯೋಚನೆ ಮಾಡು, ಆದರೆ ರಾತ್ರಿ ಕಳೆಯಲು ಬಿಡಬೇಡ. ಚಿನ್ನಕ್ಕನ ಫೋನಿನಿಂದ ಮಾಡು. ಎಡಗಿವಿಗೆ ಇಟ್ಟುಕೋ, ನಾನು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತೇನೆ. ಒಂದು ಗಂಟೆಯಾಗಲಿ, ಎರಡು ಗಂಟೆಯಾಗಲಿ, ನಾನು ಎದ್ದೇ ಇರುತ್ತೇನೆ. ಬರೀ ಹೂಂ ಎಂದು ಇಡಬೇಡ. 'ಬತ್ತೀನಿ' ಅನ್ನು. ನಿನ್ನ ಬಾಯಿಂದ ಆ ಮಾತು ಕೇಳಿಸಬೇಕು. ಬೆಳಗಾಗುವುದರೊಳಗೆ ಒಂದೇ ಒಂದು ಫೋನು ಮಾಡೇ, ಹೇಮಾ. ಮಾಡೇ.

ಬನಶ್ರೀ